19 ಔನ್ಸ್ ಅಂತ ಬರೆದ ಕ್ಯೂ 18.7 ತೂಗಿದರೆ?

ಪ್ರಶ್ನೆ: ಹೊಸದಾಗಿ ಒಂದು ಪೂಲ್ ಕ್ಯೂ (ಪೂಲ್ ಆಟದಲ್ಲಿ ಬಾಲ್ ಹೊಡೆಯುವ ಕೋಲು) ತರಿಸಿಕೊಂಡೆ. ತೂಕ 19 ಔನ್ಸ್, ಉದ್ದ 58 ಇಂಚು, ಟಿಪ್ (ಮುಂತುದಿಯ ಚರ್ಮದ ತುಂಡು) 12.75 ಮಿ.ಮೀ., ಬ್ಯಾಲೆನ್ಸ್ ಪಾಯಿಂಟ್ (ಬೆರಳ ಮೇಲಿಟ್ಟರೆ ಕ್ಯೂ ಸಮವಾಗಿ ನಿಲ್ಲುವ ಜಾಗ) ಹಿಂದಿನ ತುದಿಯಿಂದ 19 ಇಂಚು ಅಂತ ವಿವರದಲ್ಲಿ ಬರೆದಿತ್ತು. ಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದರೆ ಶಾಫ್ಟ್ (ಮುಂದಿನ ತುಂಡು) 98 ಗ್ರಾಂ, ಬಟ್ (ಹಿಂದಿನ ತುಂಡು) 432 ಗ್ರಾಂ ಬಂತು. ಒಟ್ಟು 530, ಅಂದರೆ 18.7 ಔನ್ಸ್. ಕ್ಯಾಲಿಪರ್ ಹಿಡಿದರೆ ಟಿಪ್ 12.9 ತೋರಿಸುತ್ತಿದೆ. ಬ್ಯಾಲೆನ್ಸ್ 18.5 ಇಂಚಿಗೇ ಸಿಗುತ್ತಿದೆ. ಉದ್ದ ಬಿಟ್ಟರೆ ಒಂದು ನಂಬರೂ ತಾಳೆ ಆಗುತ್ತಿಲ್ಲ. ಇದು ಮೋಸವೇ? ವಾಪಸ್ ಕೊಡಲೇ, ಇಲ್ಲವೇ ಬಟ್ ಒಳಗಿನ ವೆಯ್ಟ್ ಬೋಲ್ಟ್ (ತೂಕ ಹೊಂದಿಸುವ ಬೋಲ್ಟ್) ಬದಲಿಸಿ 19 ಮಾಡಿಕೊಳ್ಳಲೇ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಇದು ಮೋಸ ಅಲ್ಲ. ತೂಕದ ಕಾರಣಕ್ಕೆ ಕ್ಯೂ ವಾಪಸ್ ಕೊಡಬೇಕಾಗಿಲ್ಲ. ಬೋಲ್ಟನ್ನಂತೂ ಸದ್ಯಕ್ಕೆ ಮುಟ್ಟಬೇಡಿ. ಅದನ್ನು ಬದಲಿಸಿದರೆ ಒಂದು ನಂಬರ್ ಸರಿಹೋಗುತ್ತದೆ, ಇನ್ನೊಂದು ಈಗಿರುವುದಕ್ಕಿಂತ ಕೆಡುತ್ತದೆ. ಯಾಕೆ ಅಂತ ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ. ನೀವು ಶಾಫ್ಟ್ ಮತ್ತು ಬಟ್ ತೂಕವನ್ನು ಬೇರೆ ಬೇರೆ ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರ ಆ ಎರಡು ನಂಬರುಗಳಲ್ಲೇ ಇದೆ.

ಮೊದಲು ತಕ್ಕಡಿಯ ವಿಚಾರ. ಮನೆಯ ತಕ್ಕಡಿ ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸಿದರೂ ಅಷ್ಟು ಕರಾರುವಾಕ್ಕಾಗಿ ತೂಗುವುದಿಲ್ಲ. ಎರಡು ಮೂರು ಗ್ರಾಂ ಆಚೀಚೆ ಆಗುವುದು ಮಾಮೂಲು. ಎರಡು ಸಲ ತೂಗಿ ಕೂಡಿಸಿದರೆ ಆ ತಪ್ಪೂ ಎರಡು ಸಲ ಸೇರಬಹುದು. ಉದ್ದನೆಯ ಕೋಲನ್ನು ತಟ್ಟೆಯ ಮೇಲೆ ಅಡ್ಡ ಮಲಗಿಸಿದಾಗ ಅದು ಒಂದು ಕಡೆಗೆ ವಾಲಿದರೂ ನಂಬರ್ ಬದಲಾಗುತ್ತದೆ. ಹಾಗಾಗಿ ಒಂದು ಎತ್ತರದ ಡಬ್ಬವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಿ. ಎರಡೂ ತುಂಡುಗಳನ್ನು ಅದರೊಳಗೆ ನಿಲ್ಲಿಸಿ ಒಟ್ಟಿಗೆ ತೂಗಿ. ಗೋಡೆಗೆ ಗೀಡೆಗೆ ತಾಗಬಾರದು. ಎರಡು ತುಂಡು ಸೇರುವ ಜಾಗಕ್ಕೆ, ಅಂದರೆ ಜಾಯಿಂಟ್‌ಗೆ, ಪ್ರೊಟೆಕ್ಟರ್ ಮುಚ್ಚಳ ಹಾಕಿದ್ದರೆ ತೆಗೆದಿಡಿ. 500 ಗ್ರಾಂನ ತೂಕದ ಕಲ್ಲು ಸಿಕ್ಕರೆ ಅದನ್ನೂ ಒಮ್ಮೆ ಇಟ್ಟು ನೋಡಿ. ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಮಾತು. ಗ್ರಾಂನಲ್ಲೇ ತೂಗಿ, ಆಮೇಲೆ 28.35ರಿಂದ ಭಾಗಿಸಿ. ನೀವು ಹಾಗೇ ಮಾಡಿದ್ದೀರಿ, ಸರಿಯಾಗಿದೆ. ಚಿನ್ನ ತೂಗುವ ಚಿಕ್ಕ ತಕ್ಕಡಿಗಳಲ್ಲಿ ಟ್ರಾಯ್ ಔನ್ಸ್ ಅಂತ ಬೇರೆಯೇ ಒಂದು ಅಳತೆ ಇರುತ್ತದೆ. ಆ ಔನ್ಸಿಗೆ 31.1 ಗ್ರಾಂ. ಸರಿಯಾಗಿ 19 ಔನ್ಸ್ ಇರುವ ಕ್ಯೂ ಕೂಡ ಅದರಲ್ಲಿ 17.3 ತೋರಿಸುತ್ತದೆ. ಇದು ಗೊತ್ತಿಲ್ಲದೆ ಅಂಗಡಿಯವರ ಜೊತೆ ಜಗಳಕ್ಕೆ ಇಳಿದರೆ ಸುಮ್ನೆ ಮುಜುಗರ.

19 ಔನ್ಸ್ ಅಂದರೆ 538.6 ಗ್ರಾಂ. ನಿಮಗೆ ಬಂದಿದ್ದು 530. ತಕ್ಕಡಿಯ ತಪ್ಪನ್ನು ಎಷ್ಟು ಉದಾರವಾಗಿ ಕಳೆದರೂ ನಾಲ್ಕೈದು ಗ್ರಾಂ ಕೊರತೆ ನಿಜವಾಗಿಯೂ ಇದೆ ಅಂತ ಇಟ್ಟುಕೊಳ್ಳೋಣ. ಅದು ಎಲ್ಲಿಂದ ಬಂತು?

ಕ್ಯೂ ಮರದಿಂದ ಆಗುತ್ತದೆ, ಮರ ಒಂದೇ ತೂಕಕ್ಕೆ ಬೆಳೆಯುವುದಿಲ್ಲ. ಬಟ್ ಭಾಗವನ್ನೇ ತೆಗೆದುಕೊಳ್ಳಿ. 29 ಇಂಚು ಉದ್ದ, ಹಿಂದಿನ ತುದಿಯಲ್ಲಿ ಸುಮಾರು 32 ಮಿ.ಮೀ. ದಪ್ಪ, ಜಾಯಿಂಟ್ ಹತ್ತಿರ ಸುಮಾರು 21.5 ಮಿ.ಮೀ. ಲೆಕ್ಕ ಹಾಕಿದರೆ 420 ಘನ ಸೆಂಟಿಮೀಟರ್ ಆಗುತ್ತದೆ. ಗಟ್ಟಿ ಮೇಪಲ್ ಮರ ಒಂದು ಘನ ಸೆಂಟಿಮೀಟರಿಗೆ ಸುಮಾರು 0.70 ಗ್ರಾಂ ತೂಗುತ್ತದೆ. ಅದೇ ಜಾತಿಯ ಇನ್ನೊಂದು ತುಂಡು 0.75 ತೂಗಿದರೆ ಆಶ್ಚರ್ಯ ಇಲ್ಲ. ಮೊದಲನೆಯದರಲ್ಲಿ 294 ಗ್ರಾಂ, ಎರಡನೆಯದರಲ್ಲಿ 315 ಗ್ರಾಂ. ಒಂದೇ ಯಂತ್ರ, ಒಂದೇ ಅಳತೆ, ಒಂದೇ ಮರ. ಆದರೂ ವ್ಯತ್ಯಾಸ 21 ಗ್ರಾಂ, ಅಂದರೆ ಮುಕ್ಕಾಲು ಔನ್ಸ್. ನಿಮ್ಮ ಕೊರತೆಯ ಎರಡು ಪಟ್ಟಿಗಿಂತ ಜಾಸ್ತಿ. ಎಬೊನಿ, ಕೊಕೊಬೋಲೊ ಥರದ ಭಾರದ ಮರಗಳಾದರೆ ಬೇರೆಯೇ ಕಥೆ. ಪೂರ್ತಿ ಅದರಲ್ಲೇ ಮಾಡಿದರೆ ಬಟ್ ಕೈ ಸೋಲುವಷ್ಟು ಭಾರ ಆಗುತ್ತದೆ. ಅದಕ್ಕೇ ಎಷ್ಟೋ ತಯಾರಕರು ಒಳಗೆ ಮೇಪಲ್ ತಿರುಳು ಹಾಕಿ ಮೇಲೆ ಮಾತ್ರ ಆ ಮರ ಬಳಸುತ್ತಾರೆ.

ಈ ಏರುಪೇರನ್ನು ಸರಿದೂಗಿಸುವುದು ಬಂಪರ್, ಅಂದರೆ ಬಟ್ ತುದಿಯ ರಬ್ಬರ್ ಮುಚ್ಚಳದ ಹಿಂದೆ ಅಡಗಿರುವ ವೆಯ್ಟ್ ಬೋಲ್ಟ್. ಮರದ ಭಾಗ ಎಷ್ಟು ತೂಗಿತು ಅಂತ ನೋಡಿ, ಅದಕ್ಕೆ ತಕ್ಕ ಬೋಲ್ಟ್ ಹಾಕಿ ಬೇಕಾದ ತೂಕದ ಹತ್ತಿರಕ್ಕೆ ತರುತ್ತಾರೆ. ಬೋಲ್ಟುಗಳು ಅರ್ಧ ಔನ್ಸ್, ಒಂದು ಔನ್ಸ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇರುತ್ತವೆ. ಅರ್ಧ ಔನ್ಸಿನ ಮೆಟ್ಟಿಲಿನಲ್ಲಿ ಕೆಲಸ ಮಾಡಿದರೆ 18.75ರಿಂದ 19.25ರವರೆಗಿನ ಎಲ್ಲ ಕ್ಯೂಗಳ ಮೇಲೂ 19 ಅಂತಲೇ ಲೇಬಲ್ ಬೀಳುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ, ನಂಬರನ್ನು ಹತ್ತಿರದ ಅರ್ಧಕ್ಕೆ ಸರಿಸಿ ಬರೆದಿದ್ದಾರೆ ಅಷ್ಟೇ. ನಿಮ್ಮ ಕ್ಯೂ ಆ ಗಡಿಯ ಅಂಚಿನಲ್ಲಿ ಇದೆ. ನನ್ನ ಮಟ್ಟಿಗೆ ತಪ್ಪು ಇರುವುದು ಬೇರೆ ಕಡೆ. ‘19 ಔನ್ಸ್, ಕಾಲು ಔನ್ಸ್ ಹೆಚ್ಚುಕಡಿಮೆ’ ಅಂತ ಒಂದು ಸಾಲು ಸೇರಿಸಲು ಏನೂ ಖರ್ಚಿಲ್ಲ. ಅದನ್ನು ಬರೆಯದೆ ಬಿಡುವುದರಿಂದಲೇ ನಿಮ್ಮಂಥವರಿಗೆ ಮೋಸ ಹೋದೆನೇನೋ ಅಂತ ಅನಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಒಂದೊಂದು ಕ್ಯೂವನ್ನೂ ತೂಗಿ ಶಾಫ್ಟ್ ಇಷ್ಟು, ಬಟ್ ಇಷ್ಟು ಅಂತ ದಶಮಾಂಶ ಸಮೇತ ಬರೆದುಕೊಡುವ ತಯಾರಕರೂ ಇದ್ದಾರೆ. ಅಂಥವರು 18.9 ಅಂತ ಬರೆದು 18.6 ಕೊಟ್ಟರೆ ಆಗ ಖಂಡಿತ ಕೇಳಿ.

ಮರ ಕ್ಯೂ ಆದ ಮೇಲೂ ಸುಮ್ಮನಿರುವುದಿಲ್ಲ. ಗಾಳಿಯ ತೇವ ಹೀರಿಕೊಳ್ಳುತ್ತದೆ, ಒಣಗಿದಾಗ ಬಿಟ್ಟುಕೊಡುತ್ತದೆ. ಬಟ್ ಮೇಲೆ ದಪ್ಪ ಪಾಲಿಶ್ ಇರುವುದರಿಂದ ಅಲ್ಲಿ ಇದು ನಿಧಾನ. ಶಾಫ್ಟ್ ಮೇಲೆ ಪಾಲಿಶ್ ತೆಳು. ತೇವ ಶೇ 3ರಷ್ಟು ಬದಲಾದರೆ 98 ಗ್ರಾಂ ಶಾಫ್ಟ್‌ನಲ್ಲಿ ಮೂರು ಗ್ರಾಂ ಹತ್ತಿರ ಏರುಪೇರು. ಕಾರ್ಬನ್ ಫೈಬರ್ ಶಾಫ್ಟ್‌ಗೆ ಈ ತೊಂದರೆ ಇಲ್ಲ.

ಈಗ ಎಲ್ಲರೂ ಕೇಳುವ ಮಾತಿಗೆ ಬರೋಣ. 0.3 ಔನ್ಸ್ ಕಡಿಮೆ ಆದರೆ ಆಟದಲ್ಲಿ ಏನಾಗುತ್ತದೆ? ಕ್ಯೂವನ್ನು ಒಂದೇ ವೇಗದಲ್ಲಿ ಬೀಸಿದಿರಿ ಅಂತ ಇಟ್ಟುಕೊಳ್ಳಿ. ಕ್ಯೂ ಬಾಲ್ (ಕ್ಯೂನಿಂದ ಹೊಡೆಯುವ ಬಿಳಿ ಬಾಲ್) ಎಷ್ಟು ವೇಗವಾಗಿ ಹೊರಡುತ್ತದೆ ಅನ್ನುವುದು ಕ್ಯೂ ತೂಕವನ್ನು ಕ್ಯೂ ಮತ್ತು ಬಾಲ್ ಎರಡರ ಒಟ್ಟು ತೂಕದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ತಕ್ಕಂತೆ ಇರುತ್ತದೆ. ಬಾಲ್ 6 ಔನ್ಸ್ ಇದ್ದು ಕ್ಯೂ 19 ಇದ್ದರೆ ಆ ಸಂಖ್ಯೆ 0.760. ಕ್ಯೂ 18.7 ಇದ್ದರೆ 0.757. ವ್ಯತ್ಯಾಸ ಶೇ 0.4ಕ್ಕಿಂತ ಕಡಿಮೆ. ಒಂದೇ ಹೊಡೆತವನ್ನು ಎರಡು ಸಲ ಹೊಡೆದರೆ ನಮ್ಮ ಕೈಯಲ್ಲೇ ಇದಕ್ಕಿಂತ ಎಷ್ಟೋ ಜಾಸ್ತಿ ಏರುಪೇರು ಇರುತ್ತದೆ.

ಬಾಲ್ ವಿಷಯವನ್ನೂ ನೋಡಿ. ವರ್ಲ್ಡ್ ಪೂಲ್-ಬಿಲಿಯರ್ಡ್ ಅಸೋಸಿಯೇಷನ್ ನಿಯಮದ ಪ್ರಕಾರ ಬಾಲ್ 5.5ರಿಂದ 6 ಔನ್ಸ್ ನಡುವೆ ಎಷ್ಟು ಬೇಕಾದರೂ ಇರಬಹುದು. 19 ಔನ್ಸ್ ಕ್ಯೂನಿಂದ 5.5 ಔನ್ಸ್ ಬಾಲ್ ಹೊಡೆದರೆ, 6 ಔನ್ಸ್ ಬಾಲ್‌ಗಿಂತ ಶೇ 2ರಷ್ಟು ವೇಗ ಜಾಸ್ತಿ ಸಿಗುತ್ತದೆ. ನಿಮ್ಮ ಕ್ಯೂ ಕೊರತೆಯಿಂದ ಆಗುವುದರ ಐದು ಪಟ್ಟು! ಕ್ಯೂ ತೂಕಕ್ಕೆ ಅದೇ ನಿಯಮದಲ್ಲಿ 25 ಔನ್ಸಿನ ಮೇಲ್ಮಿತಿ ಮಾತ್ರ ಇದೆ, ಕೆಳಮಿತಿ ಇಲ್ಲವೇ ಇಲ್ಲ. ಉದ್ದಕ್ಕೆ ಕನಿಷ್ಠ 40 ಇಂಚು, ಟಿಪ್ ಅಗಲಕ್ಕೆ ಗರಿಷ್ಠ 14 ಮಿ.ಮೀ. ಪಂದ್ಯದಲ್ಲಿ ನಿಮ್ಮ ಕ್ಯೂಗೆ ಯಾರೂ ಏನೂ ಅನ್ನುವಂತಿಲ್ಲ.

ಹಾಗಾದರೆ ತೂಕ ಲೆಕ್ಕಕ್ಕೇ ಇಲ್ಲವೇ? ಇದೆ. ಆದರೆ ಒಟ್ಟು ಎಷ್ಟು ಅನ್ನುವುದಕ್ಕಿಂತ ಆ ತೂಕ ಎಲ್ಲಿದೆ ಅನ್ನುವುದನ್ನು ಕೈ ಬೇಗ ಗುರುತಿಸುತ್ತದೆ. ನಿಮ್ಮ ನಂಬರುಗಳಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದೂ ಇದೇ. ತೂಕ ಕಡಿಮೆ ಇರುವುದು ಚಿಕ್ಕ ಬೋಲ್ಟ್‌ನಿಂದ ಆಗಿದ್ದರೆ ಬ್ಯಾಲೆನ್ಸ್ ಪಾಯಿಂಟ್ ಮುಂದಕ್ಕೆ ಬರಬೇಕಿತ್ತು, ಯಾಕೆಂದರೆ ಹಿಂದಿನ ಭಾರ ಕಡಿಮೆ ಆಗಿರುತ್ತದೆ. ನಿಮ್ಮ ಕ್ಯೂನಲ್ಲಿ ತದ್ವಿರುದ್ಧ. ತೂಕವೂ ಕಡಿಮೆ, ಬ್ಯಾಲೆನ್ಸೂ ಹಿಂದೆ. ಅಂದರೆ ಕೊರತೆ ಇರುವುದು ಮುಂದೆ, ಶಾಫ್ಟ್‌ನಲ್ಲಿ.

ಮೇಪಲ್ ಶಾಫ್ಟ್ ಸಾಮಾನ್ಯವಾಗಿ 100ರಿಂದ 120 ಗ್ರಾಂ ಆಸುಪಾಸು ಇರುತ್ತದೆ. ನಿಮ್ಮದು 98. ಹಗುರ ಕಡೆಯದು. ಶಾಫ್ಟ್‌ನ ಭಾರದ ನಡುಬಿಂದು ಕ್ಯೂ ಹಿಂದಿನ ತುದಿಯಿಂದ ಸುಮಾರು 41 ಇಂಚಿಗೆ ಬರುತ್ತದೆ. ಅಷ್ಟು ದೂರದಲ್ಲಿ ಕೂತ ಒಂದೊಂದು ಗ್ರಾಂಗೂ ಬೆಲೆ ಜಾಸ್ತಿ. ನಿಮ್ಮ ಬಟ್ ಹೀಗೇ ಇದ್ದು ಶಾಫ್ಟ್ ಮಾತ್ರ 98ರ ಬದಲು 106.5 ಗ್ರಾಂ ಇದ್ದಿದ್ದರೆ ಏನಾಗುತ್ತಿತ್ತು? ಒಟ್ಟು ತೂಕ 538.5 ಗ್ರಾಂ, ಅಂದರೆ ಸರಿಯಾಗಿ 19 ಔನ್ಸ್. ಬ್ಯಾಲೆನ್ಸ್ 18.85 ಇಂಚು. ಹೆಚ್ಚುಕಡಿಮೆ ಲೇಬಲ್ ಹೇಳಿದ 19! ಬ್ಯಾಲೆನ್ಸನ್ನು ಬೆರಳ ಮೇಲೆ ನೋಡಿದರೆ ಕಾಲು ಇಂಚು ಆಚೀಚೆ ಆಗುವುದು ಸಹಜ, ಆದ್ದರಿಂದ ಉಳಿದ ಚೂರನ್ನು ಬಿಟ್ಟುಬಿಡಬಹುದು. ಎರಡು ಬೇರೆ ಬೇರೆ ತಪ್ಪುಗಳ ಹಾಗೆ ಕಂಡಿದ್ದು ಬಹುಶಃ ಒಂದೇ ಕಾರಣದ ಎರಡು ಮುಖ. ಸಾಮಾನ್ಯಕ್ಕಿಂತ ಸ್ವಲ್ಪ ಹಗುರ ಮರದ ಶಾಫ್ಟ್ ನಿಮ್ಮ ಪಾಲಿಗೆ ಬಂದಿದೆ.

ಈಗ ಬೋಲ್ಟ್ ಬದಲಿಸಿ ಆ 8.5 ಗ್ರಾಂ ಸೇರಿಸಿದಿರಿ ಅಂದುಕೊಳ್ಳಿ. ಅದು ಹೋಗಿ ಕೂರುವುದು ಹಿಂದಿನ ತುದಿಯಿಂದ ಸುಮಾರು 3 ಇಂಚಿನಲ್ಲಿ. ತೂಕ 19 ಔನ್ಸ್ ಆಯಿತು, ಸಂತೋಷ. ಬ್ಯಾಲೆನ್ಸ್ ಮಾತ್ರ 18.5ರಿಂದ 18.25ಕ್ಕೆ ಇಳಿಯಿತು. ಮೊದಲೇ ಹಗುರ ಅನಿಸುತ್ತಿದ್ದ ಮುಂಭಾಗ ಇನ್ನೂ ಹಗುರ ಅನಿಸತೊಡಗುತ್ತದೆ. ನೀವು ಬಯಸಿದ್ದು ಅದಲ್ಲ, ಅಲ್ವಾ? ಮುಂಭಾಗಕ್ಕೆ ಭಾರ ಬೇಕೇ ಬೇಕು ಅನಿಸಿದರೆ ಅದೇ ಜಾಯಿಂಟ್‌ನ ಸ್ವಲ್ಪ ಹೆಚ್ಚು ತೂಕದ ಶಾಫ್ಟ್ ಹುಡುಕುವುದೇ ಸರಿಯಾದ ದಾರಿ. ಹುಡುಕುವಾಗ ಎರಡು ತುಂಡನ್ನು ಸೇರಿಸುವ ತಿರುಪಿನ ಪಿನ್ ಅಳತೆ ಚೆನ್ನಾಗಿ ನೋಡಿಕೊಳ್ಳಿ. 5/16 ಇಂಚಿನ ಪಿನ್‌ನಲ್ಲೇ ಇಂಚಿಗೆ 14 ಸುತ್ತಿನದು ಒಂದು, 18 ಸುತ್ತಿನದು ಒಂದು ಇದೆ. ಒಂದಕ್ಕೆ ಇನ್ನೊಂದು ಹಿಡಿಸುವುದಿಲ್ಲ. ಬಲವಂತ ಮಾಡಿದರೆ ಒಳಗಿನ ತಿರುಪು ಹಾಳಾಗುತ್ತದೆ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಬೀಳುತ್ತದೆ. ಎಷ್ಟೋ ಕಡೆ ಒಂದೇ ಮಾದರಿಯನ್ನು 18ರಿಂದ 21 ಔನ್ಸ್‌ವರೆಗೆ ಮಾರುತ್ತಾರೆ, ಬ್ಯಾಲೆನ್ಸ್ ಪಾಯಿಂಟ್ ಮಾತ್ರ ಎಲ್ಲಕ್ಕೂ ಒಂದೇ ಬರೆದಿರುತ್ತಾರೆ. 18 ಔನ್ಸಿನಲ್ಲಿ 19 ಇಂಚು ಇದ್ದ ಬ್ಯಾಲೆನ್ಸ್, ಬೋಲ್ಟ್ ಒಂದರಿಂದಲೇ 21 ಔನ್ಸ್ ಮಾಡಿದರೆ 16.7 ಇಂಚಿಗೆ ಬಂದು ನಿಲ್ಲುತ್ತದೆ. 2 ಇಂಚಿಗಿಂತ ಜಾಸ್ತಿ ವ್ಯತ್ಯಾಸ. ಆ ಒಂದು ನಂಬರ್ ಯಾವುದೋ ಒಂದು ತೂಕಕ್ಕೆ ನಿಜ ಇರಬಹುದು, ಉಳಿದವಕ್ಕೆ ಇರಲಾರದು. ವಿವರಗಳ ಪಟ್ಟಿಯಲ್ಲಿ ನಾನು ಅತಿ ಕಡಿಮೆ ನಂಬುವ ನಂಬರ್ ಇದೇ. ಔನ್ಸ್ ಲೆಕ್ಕದಲ್ಲಿ 0.3ಕ್ಕೆ ತಲೆ ಕೆಡಿಸಿಕೊಳ್ಳುವವರು ಇದನ್ನು ಮಾತ್ರ ಪ್ರಶ್ನೆ ಮಾಡದೆ ಒಪ್ಪಿಕೊಂಡುಬಿಡುತ್ತಾರೆ.

ಟಿಪ್ ವಿಚಾರ. 12.75 ಅಂತ ಬರೆದದ್ದು 12.9 ಬಂದಿದೆ ಅಂದಿರಿ. ನೀವು ಚರ್ಮದ ಟಿಪ್‌ನ ಮೇಲೇ ಕ್ಯಾಲಿಪರ್ ಹಿಡಿದಿರಬೇಕು. ಚರ್ಮ ಹೊಡೆತ ತಿಂದು ಅಂಚಿನಲ್ಲಿ ಅಣಬೆಯ ಕೊಡೆಯಂತೆ ಹೊರಗೆ ಹರಡಿಕೊಳ್ಳುತ್ತದೆ. ಹೊಸ ಟಿಪ್‌ನಲ್ಲಿ ಮೊದಲ ಕೆಲವು ದಿನ ಇದು ಜಾಸ್ತಿ. ಅಳೆಯಬೇಕಾದ್ದು ಟಿಪ್ ಕೆಳಗಿನ ಬಿಳಿ ಬಳೆಯ, ಅಂದರೆ ಫೆರೂಲ್ ಮೇಲೆ. ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಿರಿ. ಕ್ಯಾಲಿಪರನ್ನು ಒತ್ತಿ ಹಿಡಿಯಬೇಡಿ, ಗೀರು ಬೀಳುತ್ತದೆ. ಎರಡರ ಸರಾಸರಿ 12.75ರಿಂದ 0.1 ಆಚೀಚೆ ಇದ್ದರೆ ಅದು ಒಳ್ಳೆಯ ಕೆಲಸ. 0.3 ಮಿ.ಮೀ. ದಾಟಿದರೆ ಬೇರೆ ಶಾಫ್ಟ್ ಕಳಿಸಿಬಿಟ್ಟಿದ್ದಾರೋ ಏನೋ ಅಂತ ಕೇಳಬೇಕು.

ಅಲ್ಲೇ ಇನ್ನೊಂದು ನೋಡಿ. ಫೆರೂಲ್ ಮುಗಿದು ಮರ ಶುರುವಾಗುವ ಗೆರೆಯ ಮೇಲೆ ಉಗುರನ್ನು ಮೆಲ್ಲಗೆ ಎಳೆಯಿರಿ. ತೇವದ ಹವೆಯಲ್ಲಿ ಮರ ಉಬ್ಬುತ್ತದೆ, ಫೆರೂಲ್ ಪ್ಲಾಸ್ಟಿಕ್ ಆದ್ದರಿಂದ ಹಾಗೇ ಇರುತ್ತದೆ. ಆಗ ಉಗುರಿಗೆ ಒಂದು ಸಣ್ಣ ಮೆಟ್ಟಿಲು ತಾಗುತ್ತದೆ. ಹವೆ ಒಣಗಿದಾಗ ಅದು ಮಾಯ, ಕೆಲವೊಮ್ಮೆ ಮೆಟ್ಟಿಲು ಉಲ್ಟಾ ಆಗುವುದೂ ಉಂಟು. ಇದನ್ನು ದೋಷ ಅಂದುಕೊಂಡು ಉಜ್ಜು ಕಾಗದ ಹಿಡಿಯುವವರು ಇದ್ದಾರೆ. ದಯವಿಟ್ಟು ಬೇಡ. ಉಜ್ಜಿದಷ್ಟೂ ಮರ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. 13 ಮಿ.ಮೀ. ಇದ್ದ ಎಷ್ಟೋ ಹಳೆ ಶಾಫ್ಟ್‌ಗಳು ಈಗ 12.5ಕ್ಕೆ ಇಳಿದಿರುವುದು ಹೀಗೆ ಸ್ವಚ್ಛ ಮಾಡಿ ಮಾಡಿಯೇ. ಒರೆಸಲು ಸ್ವಲ್ಪ ಒದ್ದೆ ಬಟ್ಟೆ, ತಕ್ಷಣ ಒಣ ಬಟ್ಟೆ, ಅಷ್ಟು ಸಾಕು.

ಟಿಪ್ ಗಟ್ಟಿತನದ ಬಗ್ಗೆ ಒಂದೇ ಮಾತು. ಸಾಫ್ಟ್, ಮೀಡಿಯಂ, ಹಾರ್ಡ್ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಹಾರ್ಡ್‌ಗೆ ಸಮ ಇರಬಹುದು.

‘ಲೋ ಡಿಫ್ಲೆಕ್ಷನ್’ ಅನ್ನುವುದು ಸ್ವಲ್ಪ ವಿವರಿಸಬೇಕಾದ ವಿಷಯ, ಯಾಕೆಂದರೆ ಅದು ನಿಮ್ಮ ಹಗುರ ಶಾಫ್ಟ್‌ಗೆ ನೇರ ಸಂಬಂಧಿಸಿದ್ದು. ಬಾಲ್‌ನ ಪಕ್ಕಕ್ಕೆ ಹೊಡೆದಾಗ ಅದು ನೀವು ಗುರಿ ಇಟ್ಟ ಗೆರೆಯಿಂದ ಸ್ವಲ್ಪ ಆಚೆಗೆ ಹೊರಡುತ್ತದೆ. ಇದೇ ಡಿಫ್ಲೆಕ್ಷನ್, ಅದು ಕಡಿಮೆ ಇದ್ದರೆ ಲೋ ಡಿಫ್ಲೆಕ್ಷನ್. ಟಿಪ್ ಬಾಲ್‌ಗೆ ತಾಗಿರುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಪಕ್ಕಕ್ಕೆ ತಳ್ಳಿದ ಕಂಪನ ಶಾಫ್ಟ್‌ನ ಮುಂದಿನ ಕೆಲವೇ ಇಂಚುಗಳವರೆಗೆ ಹೋಗಿರುತ್ತದೆ. ಆದ್ದರಿಂದ ಆ ಕೆಲವು ಇಂಚುಗಳ ಭಾರ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಿಂದೆ ಬಟ್ 14 ಔನ್ಸ್ ಇದೆಯೋ 16 ಇದೆಯೋ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಲೇಬಲ್ ಮೇಲೆ ಒಂದೇ ತೂಕ ಇರುವ ಎರಡು ಕ್ಯೂಗಳು ಇಲ್ಲಿ ಪೂರ್ತಿ ಬೇರೆ ಬೇರೆ ಥರ ನಡೆದುಕೊಳ್ಳಬಹುದು. ಮುಂತುದಿ ಹಗುರ ಇದ್ದಷ್ಟೂ ಬಾಲ್ ಗೆರೆ ಬಿಡುವುದು ಕಡಿಮೆ. ನಿಮ್ಮ 98 ಗ್ರಾಂ ಶಾಫ್ಟ್ ತುದಿಯವರೆಗೂ ಹಗುರವಾಗಿದ್ದರೆ, ಕೊರತೆ ಅಂತ ನೀವು ಬೇಜಾರು ಮಾಡಿಕೊಂಡಿದ್ದೇ ಪಕ್ಕದ ಹೊಡೆತಗಳಲ್ಲಿ ನಿಮ್ಮ ಸಹಾಯಕ್ಕೆ ಬರುತ್ತದೆ. ಸ್ವಲ್ಪ ದಿನ ಆಡಿ ನೋಡಿ, ಆಮೇಲೆ ತೀರ್ಮಾನಿಸಿ.

ನಿಮ್ಮ ಕ್ಯೂನ ನಿಜವಾದ ನಂಬರುಗಳನ್ನು ಒಂದು ಕಡೆ ಬರೆದಿಡಿ. ಶಾಫ್ಟ್ 98, ಬಟ್ 432, ಬ್ಯಾಲೆನ್ಸ್ 18.5, ಫೆರೂಲ್ ಅಳತೆ ಇಷ್ಟು. ಮುಂದಿನ ಸಲ ಇನ್ನೊಂದು ಕ್ಯೂ ಹಿಡಿದು ‘ಇದು ಚೆನ್ನಾಗಿದೆ’ ಅನಿಸಿದರೆ ಅದರದ್ದೂ ಅಳೆಯಿರಿ. ನಿಮ್ಮ ಕೈ ಯಾವುದನ್ನು ಇಷ್ಟಪಡುತ್ತದೆ ಅಂತ ಆಗ ನಂಬರಿನಲ್ಲೇ ಗೊತ್ತಾಗುತ್ತದೆ. ಹೊಸ ಕ್ಯೂ ಕೊಳ್ಳುವಾಗ ‘19 ಔನ್ಸ್ ಬೇಕು’ ಅನ್ನುವ ಬದಲು ‘ನೀವು ಕಳಿಸುವ ಕ್ಯೂವನ್ನೇ ತೂಗಿ ಎರಡು ತುಂಡಿನ ತೂಕ, ಬ್ಯಾಲೆನ್ಸ್ ಹೇಳಿ’ ಅಂತ ಕೇಳಿ. ಒಳ್ಳೆಯ ಮಾರಾಟಗಾರರು ಬೇಸರ ಇಲ್ಲದೆ ತೂಗಿ ಹೇಳುತ್ತಾರೆ.

ಇನ್ನು ವಾಪಸ್ ಕೊಡುವ ಪ್ರಶ್ನೆ. ತೂಕ ಅರ್ಧ ಔನ್ಸಿಗಿಂತ, ಅಂದರೆ 14 ಗ್ರಾಂಗಿಂತ ಜಾಸ್ತಿ ತಪ್ಪಿದ್ದರೆ ನಾನೇ ವಾಪಸ್ ಕೊಡಿ ಅನ್ನುತ್ತಿದ್ದೆ. ನಿಮ್ಮದು ಅಷ್ಟಿಲ್ಲ. ಆದರೆ ನೀವು ಬರೆಯದೇ ಇರುವ ಎರಡು ವಿಷಯಗಳಿವೆ. ಇವತ್ತೇ ನೋಡಿ. ಶಾಫ್ಟನ್ನು ಮಾತ್ರ ಸಮತಟ್ಟಾದ ಮೇಜಿನ ಮೇಲೆ ನಿಧಾನ ಉರುಳಿಸಿ. ಅದರ ಮತ್ತು ಮೇಜಿನ ನಡುವಿನ ಬೆಳಕಿನ ಸಂದು ಉರುಳುವಾಗ ಹಿಗ್ಗಿ ಕುಗ್ಗಿದರೆ ಶಾಫ್ಟ್ ಬಾಗಿದೆ. ಆಮೇಲೆ ಎರಡು ತುಂಡನ್ನೂ ಸೇರಿಸಿ ತಿರುಗಿಸಿ, ಜಾಯಿಂಟ್ ಸುತ್ತ ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ಕೂತು ಇನ್ನೊಂದು ಕಡೆ ಕೂದಲೆಳೆ ಸಂದು ಕಂಡರೆ ಮುಖಗಳು ನೇರವಾಗಿ ಕತ್ತರಿಸಿಲ್ಲ. ಇವುಗಳನ್ನು ಯಾವ ಬೋಲ್ಟೂ ಸರಿಮಾಡುವುದಿಲ್ಲ. ಎರಡರಲ್ಲಿ ಯಾವುದೇ ಒಂದು ಕಂಡರೂ ಫೋಟೊ ತೆಗೆದು, ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಮಾರಿದವರಿಗೆ ಬರೆಯಿರಿ. ತೂಕದ ಮಾತು ಆ ಪತ್ರದಲ್ಲಿ ಬೇಡ.